ಏಜಾಕ್ಸನ ಸಾವು ಅಶ್ವತ್ಥಾಮನಿಗೆ ಒಗ್ಗುತ್ತದೆಯೇ?

ಟ್ರಾಯ್ ಯುದ್ಧದ ಕಥೆ ಮುಂದಿನ ಸಾಹಿತ್ಯದಲ್ಲಿ ಹೇಗೆ ಬೆಳೆಯಿತು ಅಂದಕೂಡಲೇ ಹೆಲೆನ್, ಅಕಿಲೀಸ್, ಮರದ ಕುದುರೆ ಇಷ್ಟರಲ್ಲೇ ಮಾತು ಮುಗಿಯುತ್ತದೆ. ನಾನು ಏಜಾಕ್ಸ್ ಒಬ್ಬನನ್ನೇ ಹಿಡಿದುಕೊಂಡಿದ್ದೇನೆ. ಅವನು ಬೇರೆ ಹೆಸರಿನಲ್ಲಿ ಕನ್ನಡಕ್ಕೂ ಬಂದಿದ್ದಾನೆ.

'ಒಡಿಸ್ಸಿ'ಯ 11ನೇ ಭಾಗದಲ್ಲಿ ಒಡಿಸ್ಯೂಸ್ ಸತ್ತವರ ಲೋಕಕ್ಕೆ ಹೋಗುತ್ತಾನೆ. ಅಲ್ಲಿ ಏಜಾಕ್ಸ್ ದೂರ ನಿಂತಿದ್ದಾನೆ. ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಯೂಸನ ಪಾಲಾದವು ಎಂಬ ಸಿಟ್ಟು ಸತ್ತ ಮೇಲೂ ಇಳಿದಿಲ್ಲ. ಎಷ್ಟು ಸಮಾಧಾನ ಹೇಳಿದರೂ ತುಟಿ ಬಿಚ್ಚದೆ ಹೊರಟುಹೋಗುತ್ತಾನೆ. ವರ್ಜಿಲ್ ಈ ಮೌನವನ್ನು ಡೈಡೋಗೆ ಕೊಟ್ಟ. ಓವಿಡ್ ತದ್ವಿರುದ್ಧ: ಇಬ್ಬರನ್ನೂ ಸಭೆಯ ಮುಂದೆ ನಿಲ್ಲಿಸಿ ವಾದ ಮಾಡಿಸುತ್ತಾನೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಾಸರಗೋಡಿನವರಿಗೆ ಅದನ್ನೋದಿದರೆ ಅರ್ಥಧಾರಿಗಳ ನೆನಪಾಗದೆ ಇರದು. ಮಾತು ಬಲ್ಲವನು ಗೆದ್ದ, ತೋಳು ಬಲ್ಲವನು ಸೋತ, ಪಾಪ.

ಇವರಿಬ್ಬರಿಗಿಂತ ಹಿಂದಿನವನು, ಕ್ರಿ.ಪೂ. 5ನೇ ಶತಮಾನದ ಸೊಫೊಕ್ಲೀಸ್. ಅವನ ನಾಟಕದಲ್ಲಿ ದೇವತೆ ಅಥೀನಾ ಏಜಾಕ್ಸನ ಬುದ್ಧಿಗೆ ಮಂಕು ಕವಿಸುತ್ತಾಳೆ. ಗ್ರೀಕ್ ನಾಯಕರೆಂದೇ ತಿಳಿದು ಅವನು ದನಕುರಿಗಳನ್ನೂ ಅವುಗಳ ಕಾವಲಿನವರನ್ನೂ ಕಡಿದುಹಾಕುತ್ತಾನೆ. ಎಚ್ಚರವಾದಾಗ ಅವನನ್ನು ಸುಡುವುದು ಪಾಪಪ್ರಜ್ಞೆ ಅಲ್ಲ, ನೋಡಿ. ಶತ್ರುಗಳು ನಗುತ್ತಾರಲ್ಲ ಎಂಬ ಅವಮಾನ. ಹೆಕ್ಟರ್ ಕೊಟ್ಟ ಕತ್ತಿಯ ಮೇಲೆಯೇ ಬಿದ್ದು ಸಾಯುತ್ತಾನೆ.

ಬಿ.ಎಂ.ಶ್ರೀಕಂಠಯ್ಯನವರು 1929ರಲ್ಲಿ ಈ ನಾಟಕವನ್ನು 'ಅಶ್ವತ್ಥಾಮನ್' ಆಗಿ ಮಾಡಿಕೊಂಡರು. ಚಿರಂಜೀವಿಯನ್ನು ಸಾಯಿಸುವುದುಂಟೇ ಎಂಬುದು ಅದರ ಮೇಲಿನ ಹಳೆಯ ಆಕ್ಷೇಪ. ನನಗೆ ಅದು ದೊಡ್ಡ ಆಕ್ಷೇಪ ಅನ್ನಿಸುವುದಿಲ್ಲ. ಸೌಪ್ತಿಕ ಪರ್ವದಲ್ಲಿ ಕೃಷ್ಣ ಕೊಡುವ ಶಾಪ ನೆನಪಿಸಿಕೊಳ್ಳಿ: ಮೂರು ಸಾವಿರ ವರ್ಷ, ಮಾತಾಡಿಸುವವರಿಲ್ಲದೆ, ಕೀವು ರಕ್ತ ನಾರುತ್ತಾ ಅಲೆಯಬೇಕು. ಅಂಥವನಿಗೆ ಸಾವು ಒಂದು ಕರುಣೆ. ನಮ್ಮ ಕಥೆ ಕೊಡದ ಬಿಡುಗಡೆಯನ್ನು ಬಿ.ಎಂ.ಶ್ರೀ. ಗ್ರೀಕರಿಂದ ತಂದುಕೊಟ್ಟರು.

ತೊಡಕು ಬೇರೆ ಕಡೆ ಇದೆ. ಏಜಾಕ್ಸ್ ಕೊಲ್ಲಬೇಕೆಂದಿದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ಹಾಗಾಗಿ ನಮ್ಮ ಮರುಕ ಸುಲಭವಾಗಿ ಅವನತ್ತ ಹರಿಯುತ್ತದೆ. ಅಶ್ವತ್ಥಾಮ ಎಂಬ ಹೆಸರು ಕೇಳಿದರೆ ಮಾತ್ರ ಕನ್ನಡ ಓದುಗನಿಗೆ ಆ ರಾತ್ರಿಯ ಪಾಳೆಯವೇ ಕಣ್ಣಿಗೆ ಬರುತ್ತದೆ: ನಿದ್ದೆಯಲ್ಲಿದ್ದ ಧೃಷ್ಟದ್ಯುಮ್ನ, ದ್ರೌಪದಿಯ ಐದು ಮಕ್ಕಳು. ತಂದೆಯನ್ನು ನಿರಾಯುಧನಾಗಿದ್ದಾಗ ಕೊಂದರೆಂಬ ಅವನ ನೋವು ನಿಜವೇ. ಆದರೆ ಅವಮಾನಕ್ಕೆಂದು ಕಟ್ಟಿದ ನಾಟಕದ ಚೌಕಟ್ಟಿನಲ್ಲಿ ಇಷ್ಟು ದೊಡ್ಡ ಕೊಲೆಯನ್ನು ಎಲ್ಲಿಡುವುದು? ವೀರನ ಘನತೆ ಹೆಚ್ಚಿದಷ್ಟೂ ಆ ಮಕ್ಕಳು ಮರೆಯಾಗುತ್ತಾರೆ.

ಇನ್ನೊಂದು ಮಾತು. ಸೊಫೊಕ್ಲೀಸನ ನಾಟಕ ಏಜಾಕ್ಸನ ಸಾವಿಗೆ ಮುಗಿಯುವುದಿಲ್ಲ, ಹೆಣ ಹೂಳಬೇಕೋ ಬೇಡವೋ ಎಂಬ ಜಗಳ ಬಹಳ ಹೊತ್ತು ನಡೆಯುತ್ತದೆ. ಕೊನೆಗೆ ಹೂಳಲೇಬೇಕೆಂದು ವಾದಿಸುವವನು ವೈರಿಯಾದ ಒಡಿಸ್ಯೂಸನೇ. ಇದನ್ನು ಗ್ರೀಕರ ವಿಶೇಷ ಎಂದು ಪಾಠಗಳಲ್ಲಿ ಹೇಳುವುದುಂಟು. ಭಾಗವತದ ಮೊದಲ ಸ್ಕಂಧದಲ್ಲಿ ಅಶ್ವತ್ಥಾಮನನ್ನು ಕಟ್ಟಿ ತಂದಾಗ ಬಿಟ್ಟುಬಿಡಿ ಎನ್ನುವವಳು ಮಕ್ಕಳನ್ನು ಕಳೆದುಕೊಂಡ ದ್ರೌಪದಿ. ಇವನ ತಾಯಿಯೂ ತನ್ನ ಹಾಗೆ ಅಳಬಾರದು ಅನ್ನುತ್ತಾಳೆ. ಒಡಿಸ್ಯೂಸ್ ಕಳೆದುಕೊಂಡದ್ದು ಏನೂ ಇರಲಿಲ್ಲ. 'ಅಶ್ವತ್ಥಾಮನ್' ಓದುವವರು ಸೊಫೊಕ್ಲೀಸನ ಜೊತೆ ಈ ಭಾಗವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು ಅಂತ ನನ್ನ ಸಲಹೆ. ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.