ಅಮಾನತ್ ಆಗಿದ್ದ ಕಾಗದಗಳು

‘ಅಮಾನತು’ ಎಂದರೆ ಕಚೇರಿ ಕನ್ನಡದಲ್ಲಿ ನೌಕರನನ್ನು ಕೆಲಸದಿಂದ ದೂರವಿಡುವುದು. ಉರ್ದುವಿನಲ್ಲಿ ಅದು ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಿಂದಿರುಗಿಸಲೇಬೇಕು. ಡೊನಾಲ್ಡ್ ಟ್ರಂಪ್ 2021ರಲ್ಲಿ ಅಧಿಕಾರ ಬಿಟ್ಟಾಗ ಫ್ಲೋರಿಡಾಕ್ಕೆ ಹೋದ ಪೆಟ್ಟಿಗೆಗಳನ್ನು ನಾವು ಈ ಎರಡನೆಯ ಅರ್ಥದಲ್ಲಿ ನೋಡಬೇಕು.

ಅಧ್ಯಕ್ಷರ ಕಾಗದಪತ್ರ ಅವರ ಸ್ವಂತ ಆಸ್ತಿ ಎಂಬುದೇ ನಿಕ್ಸನ್ ಕಾಲದವರೆಗೆ ಅಮೆರಿಕದ ರೂಢಿ. 1978ರ ಕಾಯ್ದೆ ಅದನ್ನು ಜನರ ಆಸ್ತಿ ಮಾಡಿತು, ಆದರೆ ಮುರಿದವರಿಗೆ ಶಿಕ್ಷೆಯನ್ನೇ ಬರೆಯಲಿಲ್ಲ! ಹಾಗಾಗಿ ಸ್ನಾನದ ಮನೆಯಲ್ಲೂ ಪೆಟ್ಟಿಗೆ ಪೇರಿಸಿದ್ದ ಟ್ರಂಪ್ ಮೇಲೆ 2023ರಲ್ಲಿ ಬೇಹುಗಾರಿಕೆ ಕಾಯ್ದೆಯನ್ನು ಹುಡುಕಿ ತರಬೇಕಾಯಿತು. ಅಭಿಯೋಜಕರ ನೇಮಕವೇ ಸಂವಿಧಾನಕ್ಕೆ ವಿರುದ್ಧವೆಂದು 2024ರಲ್ಲಿ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಕಾಗದ ಯಾರದೆಂಬ ವಿಚಾರಣೆ ನಡೆಯಲೇ ಇಲ್ಲ.

ಬೈಡನ್ ಗ್ಯಾರೇಜಿನಲ್ಲೂ ರಹಸ್ಯ ಕಡತ ಸಿಕ್ಕಿತಲ್ಲ ಎನ್ನುವವರಿದ್ದಾರೆ. ಸಿಕ್ಕಿತು, ಅದೂ ತಪ್ಪೇ. ಆದರೆ ಅದನ್ನು ತಿಳಿಸಿದವರು ಅವರ ವಕೀಲರೇ. ಟ್ರಂಪ್ ಮನೆಯಲ್ಲಿ ಸಮನ್ಸ್ ಬಂದು ಸುಮಾರು ಮೂರು ತಿಂಗಳಾದ ಮೇಲೆ, 2022ರ ಆಗಸ್ಟಿನಲ್ಲಿ, ಎಫ್‌ಬಿಐ ಶೋಧಿಸಿ ತೆಗೆಯಬೇಕಾಯಿತು.

ಪತ್ರಿಕೆಗಳು ಎಣಿಸಿದ್ದು ಅಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ರಹಸ್ಯ ದಾಖಲೆಗಳನ್ನು. ರಹಸ್ಯವೆಂಬ ಮುದ್ರೆಯಿಲ್ಲದ ಸರ್ಕಾರಿ ಕಾಗದ, ಚಿತ್ರಗಳು 10,000ಕ್ಕೂ ಮಿಕ್ಕಿದ್ದವು. ಆ ನಾಲ್ಕು ವರ್ಷಗಳ ಆಡಳಿತವನ್ನು ಮುಂದೆ ಬರೆಯುವವರು ಕೇಳುವುದು ಇವನ್ನೇ.