ನಿರುತ್ತರ ಕರೆಯೂ ದಾಖಲೆಯೇ

2004ರಲ್ಲಿ ಮ್ಯಾಡ್ರಿಡ್ ನಗರದ ರೈಲುಗಳಲ್ಲಿಯೂ 2005ರಲ್ಲಿ ಲಂಡನ್ನಿನ ಸುರಂಗ ರೈಲುಗಳಲ್ಲಿಯೂ ಬಾಂಬುಗಳು ಸಿಡಿದು ನಿರಪರಾಧಿಗಳ ರಕ್ತ ಹರಿದ ಮೇಲೆ, ಐರೋಪ್ಯ ಒಕ್ಕೂಟವು 2006ರ ಮಾರ್ಚ್ ತಿಂಗಳಲ್ಲಿ ಅಂಗೀಕರಿಸಿದ ದತ್ತಾಂಶ ಸಂಗ್ರಹಣದ ನಿರ್ದೇಶವು, ಉದ್ದೇಶದಲ್ಲಿ ಎಷ್ಟೇ ಸಮರ್ಥನೀಯವಾಗಿದ್ದರೂ, ವಿಧಾನದಲ್ಲಿ ಸಮಸ್ತ ಪ್ರಜಾವರ್ಗವನ್ನು ಸಂಶಯಕ್ಕೆ ಪಾತ್ರರಾದವರ ಸಾಲಿನಲ್ಲಿ ನಿಲ್ಲಿಸಿದ ಶಾಸನವಾಗಿತ್ತು. ಯಾರು ಯಾರಿಗೆ ಕರೆ ಮಾಡಿದರು, ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ಕಾಲ, ಯಾವ ಟವರಿನ ವ್ಯಾಪ್ತಿಯಲ್ಲಿದ್ದುಕೊಂಡು ಎಂಬ ವಿವರಗಳನ್ನೆಲ್ಲ ಆರು ತಿಂಗಳಿಗೆ ಕಡಮೆಯಾಗದಂತೆಯೂ ಎರಡು ವರ್ಷಕ್ಕೆ ಮೀರದಂತೆಯೂ ದೂರಸಂಪರ್ಕ ಕಂಪನಿಗಳು ಕಾಪಿಡತಕ್ಕದ್ದೆಂದು ಸದಸ್ಯರಾಷ್ಟ್ರಗಳು ಕಾನೂನು ಮಾಡಬೇಕಾಯಿತು. ಗಂಟೆ ಬಾರಿಸಿ ಯಾರೂ ಎತ್ತದೆ ನಿಂತುಹೋದ ಕರೆ, ನಾವು ಮಿಸ್ಡ್ ಕಾಲ್ ಎನ್ನುವುದು, ಕಂಪನಿಯ ಯಂತ್ರದಲ್ಲಿ ದಾಖಲಾಗುತ್ತಿದ್ದ ಪಕ್ಷದಲ್ಲಿ ಅದೂ ಈ ಸಂಗ್ರಹಕ್ಕೆ ಸೇರತಕ್ಕದ್ದಾಗಿತ್ತು.

ಆಡಿದ ಮಾತನ್ನು ನಾವು ಮುಟ್ಟುವುದಿಲ್ಲ, ಕರೆಯ ವಿವರವನ್ನು ಮಾತ್ರ ಇರಿಸಿಕೊಳ್ಳುತ್ತೇವೆ ಎಂಬುದು ಈ ನಿರ್ದೇಶದ ಸಮರ್ಥಕರ ಮುಖ್ಯ ವಾದ. ಈ ವಾದ ಎಷ್ಟು ದುರ್ಬಲವೆಂಬುದನ್ನು ಜರ್ಮನಿಯ ಹಸಿರು ಪಕ್ಷದ ಮಾಲ್ಟೆ ಸ್ಪಿಟ್ಜ್ ತಮ್ಮ ಬದುಕನ್ನೇ ಸಾಕ್ಷ್ಯವಾಗಿ ಮುಂದಿಟ್ಟು ತೋರಿಸಿಕೊಟ್ಟರು. ತಮ್ಮ ಫೋನ್ ಕಂಪನಿಯ ಮೇಲೆ ದಾವೆ ಹೂಡಿ ಆರು ತಿಂಗಳ ವಿವರಗಳನ್ನು ಅವರು ಪಡೆದಾಗ, ಕೈಗೆ ಬಂದದ್ದು 35,000ಕ್ಕೂ ಮಿಕ್ಕ ನಮೂದುಗಳು. 2011ರಲ್ಲಿ ‘ತ್ಸೈಟ್’ ಪತ್ರಿಕೆಯ ಅಂತರ್ಜಾಲ ಆವೃತ್ತಿ ಅವನ್ನು, ಅವರೇ ಬಹಿರಂಗವಾಗಿ ಬರೆದುಕೊಂಡಿದ್ದ ಸಂಗತಿಗಳೊಡನೆ ಹೊಂದಿಸಿ, ಭೂಪಟದ ಮೇಲೆ ಹರಡಿತು. ಅವರು ಯಾವ ಊರಿಗೆ ಹೊರಟರು, ಹಾದಿಯಲ್ಲಿ ಎಲ್ಲಿ ತಂಗಿದರು, ಯಾವ ಹೊತ್ತಿನಲ್ಲಿ ಫೋನು ಮೌನವಾಗಿತ್ತು ಎಂಬುದೆಲ್ಲ ಪರಿಚಯವೇ ಇಲ್ಲದ ಓದುಗನಿಗೂ ಗೋಚರಿಸಿತು. ಅವರು ಆಡಿದ ಒಂದೇ ಒಂದು ಮಾತು ಅದರಲ್ಲಿರಲಿಲ್ಲ.

2014ರ ಏಪ್ರಿಲ್ 8ರಂದು, ಐರ್ಲೆಂಡಿನ ಒಂದು ನಾಗರಿಕ ಹಕ್ಕುಗಳ ಸಂಸ್ಥೆಯೂ ಆಸ್ಟ್ರಿಯದ ಸಹಸ್ರಾರು ಪ್ರಜೆಗಳೂ ತಂದ ವ್ಯಾಜ್ಯಗಳಲ್ಲಿ, ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು ಈ ನಿರ್ದೇಶವನ್ನು ಅಸಿಂಧುವೆಂದು ಸಾರಿತು. ಘೋರ ಅಪರಾಧದೊಡನೆ ಯಾವ ಸಂಬಂಧದ ಕುರುಹೂ ಇಲ್ಲದವರನ್ನು ಇದು ಒಳಗೊಂಡಿದೆ, ವೃತ್ತಿಧರ್ಮದಿಂದ ಗುಟ್ಟು ಕಾಯಬೇಕಾದವರಿಗೂ ವಿನಾಯಿತಿಯಿಲ್ಲ, ಸಂಗ್ರಹವನ್ನು ನೋಡುವ ಮುನ್ನ ನ್ಯಾಯಾಲಯದ ಅಥವಾ ಸ್ವತಂತ್ರ ಪ್ರಾಧಿಕಾರದ ಅಪ್ಪಣೆ ಬೇಕೆಂಬ ನಿಯಮವಿಲ್ಲ ಎಂಬ ಆಕ್ಷೇಪಗಳು ತೀರ್ಪಿನ ಅತ್ಯಂತ ಬಲವಾದ ಭಾಗ. ವಕೀಲನಿಗೆ ಕಕ್ಷಿಗಾರನಿಂದ ಬಂದ ಕರೆಯೂ, ವರದಿಗಾರನಿಗೆ ಸುದ್ದಿ ಕೊಟ್ಟವನ ಕರೆಯೂ ದಾಖಲಾಗಿ ಉಳಿಯುವಾಗ, ಕರೆ ಮಾಡಿದರೆಂಬ ಸಂಗತಿಯೇ ಗುಟ್ಟನ್ನು ಹೊರಗೆಡಹುತ್ತದೆ.

ಆದರೆ ಈ ತೀರ್ಪಿನಲ್ಲಿ ನನಗೆ ಒಪ್ಪಿಗೆಯಾಗದ ಅಂಶವೊಂದುಂಟು. ಇಂಥ ವಿವರಗಳನ್ನು ಒಟ್ಟುಗೂಡಿಸಿದರೆ ವ್ಯಕ್ತಿಯ ಅಭ್ಯಾಸ, ಸಂಚಾರ, ಸ್ನೇಹಗಳ ವಿಷಯದಲ್ಲಿ ಅತ್ಯಂತ ಖಚಿತವಾದ ನಿರ್ಣಯಕ್ಕೆ ಬರಬಹುದೆಂದು ಮೊದಲು ಒಪ್ಪಿಕೊಂಡ ನ್ಯಾಯಾಲಯವು, ಕೆಲವೇ ಪುಟಗಳ ಅನಂತರ, ಮಾತಿನ ಒಳತಿರುಳು ಸರಕಾರಕ್ಕೆ ದೊರೆಯದ ಕಾರಣ ಖಾಸಗಿತನದ ಹಕ್ಕಿನ ಸಾರಕ್ಕೆ ಧಕ್ಕೆ ಬಂದಿಲ್ಲವೆನ್ನುತ್ತದೆ. ಈ ಎರಡು ಮಾತುಗಳು ಒಟ್ಟಿಗೆ ನಿಲ್ಲಲಾರವು. ಸಾರಕ್ಕೆ ಧಕ್ಕೆಯಿಲ್ಲವೆಂದಮೇಲೆ ಉಳಿಯುವುದು ಪ್ರಮಾಣದ ಚರ್ಚೆ ಮಾತ್ರ. ಸರಕಾರಗಳು ಆ ಸಂದಿನಿಂದಲೇ ಮರಳಿ ಒಳಹೊಕ್ಕವು. ಇದೇ ನ್ಯಾಯಾಲಯದ 2016ರ ತೀರ್ಪು ಸಾರ್ವತ್ರಿಕ ಸಂಗ್ರಹವನ್ನು ಮತ್ತೊಮ್ಮೆ ನಿಷೇಧಿಸಿತಾದರೂ, 2020ರಲ್ಲಿ ಅದೇ ನ್ಯಾಯಾಲಯ ರಾಷ್ಟ್ರೀಯ ಭದ್ರತೆಗೆ ಗುರುತರ ಅಪಾಯವಿದ್ದ ಕಾಲದಲ್ಲಿ ಪರಿಮಿತ ಅವಧಿಗೆ ಅದನ್ನು ಅನುಮತಿಸಿತು.

ನಮ್ಮಲ್ಲಿ ಇದೇ ಕಾರ್ಯ ಸದ್ದಿಲ್ಲದೆ ನಡೆದಿದೆ. ಸಿಡಿಆರ್ ಎಂದು ಪೊಲೀಸರೂ ಪತ್ರಿಕೆಗಳೂ ಹೇಳುವ ಕರೆ ವಿವರಗಳನ್ನು ಕನಿಷ್ಠ ಒಂದು ವರ್ಷ ಇರಿಸಬೇಕೆಂದಿದ್ದ ಪರವಾನಗಿಯ ನಿಬಂಧನೆಯನ್ನು ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ತಿದ್ದಿ, ಅವಧಿಯನ್ನು ಎರಡು ವರ್ಷಕ್ಕೆ ಏರಿಸಿತು. ಐರೋಪ್ಯರು ಗರಿಷ್ಠವೆಂದು ಹಾಕಿಕೊಂಡಿದ್ದ ಮಿತಿ ನಮಗೆ ಕನಿಷ್ಠವಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದು, ಅದರಲ್ಲಿ ಕೈಹಾಕುವ ಸರಕಾರಕ್ಕೆ ಕಾನೂನಿನ ಆಧಾರವೂ ನ್ಯಾಯಸಮ್ಮತ ಉದ್ದೇಶವೂ ಪ್ರಮಾಣಬದ್ಧತೆಯೂ ಇರಬೇಕೆಂದು ವಿಧಿಸಿ ಆಗ ನಾಲ್ಕು ವರ್ಷ ಸಂದಿದ್ದವು. ಪರವಾನಗಿಯೆಂಬುದು ಸರಕಾರಕ್ಕೂ ಕಂಪನಿಗೂ ನಡುವಣ ಕರಾರು. ಯಾರ ಕರೆಗಳು ಎರಡು ವರ್ಷ ದಾಖಲೆಯಲ್ಲಿ ಉಳಿಯುತ್ತವೆಯೋ ಆ ಪ್ರಜೆ ಅದರಲ್ಲಿ ಕಕ್ಷಿಯೇ ಅಲ್ಲ. ಈ ನಿಬಂಧನೆಯನ್ನು ಸಂಸತ್ತಿನ ಮುಂದಿಟ್ಟು, ಎರಡು ವರ್ಷವೇ ಏಕೆ, ಎಲ್ಲರದ್ದೂ ಏಕೆ ಎಂಬ ಪ್ರಶ್ನೆಗಳಿಗೆ ಇಲಾಖೆ ಬಹಿರಂಗವಾಗಿ ಉತ್ತರಿಸತಕ್ಕದ್ದು.