ಒಳ್ಳೆಯ ಸೆಟ್ಟು ಕೊನೆಯ ಗಾಡಿಗೆ

ಹೋದ ವಾರ ಮಾತು ಕೊಟ್ಟಂತೆ ಈ ಸಲ ವಾಕಿಟಾಕಿಗಳ ಸರದಿ. ಮಳೆ ಹಿಂದೆಗೆಯುತ್ತಿದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ತಮ್ಮ ಜಾಡುಗಳನ್ನು ನಮ್ಮಂಥ ಆಫ್‌ರೋಡ್ ಗಾಡಿಯವರಿಗೆ ಬಿಟ್ಟುಕೊಡುವ ಕಾಲ ಹತ್ತಿರ ಬಂತು. ಯಾವ ಸೆಟ್ಟು ಕೊಳ್ಳೋಣ ಎಂದು ಕೇಳಿದವರೆಲ್ಲ ಅದೇ ಉಸಿರಿನಲ್ಲಿ ಎಷ್ಟು ವ್ಯಾಟಿನದು ಬೇಕು ಎಂದೂ ಕೇಳಿದ್ದಾರೆ.

ವ್ಯಾಟಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಅರ್ಧ ವ್ಯಾಟಿನ ಸೆಟ್ಟು ಬಿಟ್ಟು ಐದು ವ್ಯಾಟಿನದು ತಂದರೆ ಶಕ್ತಿ ಹತ್ತು ಪಟ್ಟಾಯಿತು. ನಡುವೆ ಏನೂ ಅಡ್ಡವಿಲ್ಲದಿದ್ದರೂ ಮಾತು ತಲುಪುವ ದೂರ ಹೆಚ್ಚುವುದು ಮೂರು ಪಟ್ಟು ಚಿಲ್ಲರೆ ಮಾತ್ರ. ಮಲೆನಾಡಿನಲ್ಲಿ ಅಡ್ಡವಿಲ್ಲದ ಜಾಗ ಎಲ್ಲಿದೆ? ಒಂದು ತಿರುವು ದಾಟಿದರೆ ನಡುವೆ ಇಡೀ ಗುಡ್ಡ. ಈ ತರಂಗಗಳು ಹೆಚ್ಚುಕಡಿಮೆ ಕಣ್ಣೋಟದ ನೇರಕ್ಕೇ ಸಾಗುವಂಥವು. ಜತೆಗೆ ನಾವು ಗಾಜೇರಿಸಿಕೊಂಡು, ಉಕ್ಕಿನ ಮೈಯೊಳಗೆ ಕೂತು, ಆಂಟೆನಾವನ್ನು ಅಡ್ಡ ಮಲಗಿಸಿ ಮಾತಾಡುತ್ತೇವೆ. ಅದೇ ಸೆಟ್ಟನ್ನು ಕಿಟಕಿಯಾಚೆ ನೆಟ್ಟಗೆ ಹಿಡಿಯಿರಿ, ಇಲ್ಲವೇ ಇಳಿದು ತಿರುವಿನ ಅಂಚಿಗೆ ನಡೆದುಹೋಗಿ. ದುಡ್ಡು ಸುರಿದು ತಂದ ವ್ಯಾಟು ಕೊಡದ ಲಾಭವನ್ನು ಆ ಹತ್ತು ಹೆಜ್ಜೆ ಕೊಡುತ್ತವೆ.

ಇನ್ನು ಕಾನೂನು. ನಮ್ಮಲ್ಲಿ 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಮಂಜೂರಾತಿ ಪಡೆದ ಕಡಿಮೆ ಶಕ್ತಿಯ ಸೆಟ್ಟನ್ನು ಪರವಾನಗಿಯಿಲ್ಲದೆ ಬಳಸಬಹುದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಲವರು ತರಿಸಿಕೊಂಡಿರುವ, ಬೇಕಾದ ತರಂಗಾಂತರಕ್ಕೆ ತಿರುಗಿಸಬಲ್ಲ ಸೆಟ್ಟುಗಳು ಈ ವಿನಾಯಿತಿಯ ಒಳಗೆ ಬರುವುದಿಲ್ಲ. ಪೊಲೀಸರ, ಅರಣ್ಯ ಇಲಾಖೆಯ ವೈರ್‌ಲೆಸ್ ಮೇಲೂ ಅವು ಹೋಗಿ ಕೂರಬಲ್ಲವು. ಇಂಥವುಗಳ ಮಾರಾಟಕ್ಕೆ ಕಡಿವಾಣ ಹಾಕಲೆಂದೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದದ್ದು. ಕಾಡಂಚಿನಲ್ಲಿ ಓಡಾಡಲು ಊರವರ ಮತ್ತು ಇಲಾಖೆಯ ವಿಶ್ವಾಸವನ್ನೇ ನಂಬಿಕೊಂಡಿರುವ ನಮಗೆ ಆ ಸೆಟ್ಟುಗಳು ಬೇಡವೇ ಬೇಡ. ಹೆಚ್ಚು ದೂರ ಬೇಕೆನ್ನುವವರು ಹವ್ಯಾಸಿ ರೇಡಿಯೊ ಪರೀಕ್ಷೆ ಬರೆಯಲಿ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೂಡ ಬೇಕಿಲ್ಲ. ಪಾಸಾಗಿ ಪರವಾನಗಿ ಪಡೆದರೆ 144ರಿಂದ 146 ಮೆಗಾಹರ್ಟ್ಸ್ ಪಟ್ಟಿ ನಿಮ್ಮದು. ಆದರೆ ಮಾತಿನ ಎರಡೂ ತುದಿಯಲ್ಲಿ ಪರವಾನಗಿ ಇರುವವರೇ ಇರಬೇಕು.

ಸಿಮ್ ಹಾಕುವ ವಾಕಿಟಾಕಿಯ ಭಕ್ತರ ಜೊತೆ ಈ ಅಂಕಣದ ಜಗಳ ಹಳೆಯದು. ದೇಶದ ಉದ್ದಗಲಕ್ಕೂ ಕೇಳಿಸುತ್ತದೆ ಎಂಬ ಜಾಹೀರಾತನ್ನು ಅವರು ಈಗಲೂ ನನಗೆ ಕಳಿಸುತ್ತಾರೆ. ಮೊಬೈಲ್ ಟವರ್ ಇದ್ದಲ್ಲಿ ಅದು ಕೇಳಿಸುವುದು ನಿಜ. ಅಲ್ಲಿ ಫೋನೂ ಕೇಳಿಸುತ್ತದೆ. ಗಾಡಿ ಹೂತುಕೊಳ್ಳುವುದು ಹಳ್ಳದ ಪಾತ್ರದಲ್ಲಿ, ಕಣಿವೆಯ ತಳದಲ್ಲಿ. ಮಲೆನಾಡಿನಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ, ಬ್ಯಾಟರಿ ಮುಗಿದೊಡನೆ ಟವರೂ ಸುಮ್ಮನಾಗುತ್ತದೆ. ಇಪ್ಪತ್ತು ಮಾರು ದೂರದ ಗಾಡಿಯವನಿಗೆ ‘ನಿಲ್ಲು’ ಎನ್ನುವುದಕ್ಕೆ ಎಲ್ಲೋ ದೂರದ ಸರ್ವರಿನ ದಾರಿ ಹಿಡಿಯುವುದನ್ನು ನಾನು ಒಪ್ಪಲಾರೆ.

ಸೆಟ್ಟುಗಳ ಹೋಲಿಕೆ ಇಲ್ಲಿಗೆ ಸಾಕು. ಮಂಜೂರಾತಿ ಇರುವ 446ರ ಯಾವುದೇ ಸೆಟ್ಟು ತನ್ನಿ, ಎಲ್ಲರೂ ಒಂದೇ ಮಾದರಿಯದು ತನ್ನಿ. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ.

ನಮ್ಮ ವಾಕಿಟಾಕಿಗಳದು ಎಫ್‌ಎಂ. ಒಂದೇ ಚಾನೆಲಿನಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿ, ಒಬ್ಬರ ದನಿ ಇನ್ನೊಬ್ಬರದಕ್ಕಿಂತ ಸಾಕಷ್ಟು ಬಲವಾಗಿದ್ದರೆ ಎಫ್‌ಎಂ ಸೆಟ್ಟು ಬಲವಾದ ದನಿಯನ್ನು ಹಿಡಿದುಕೊಂಡು ಬಲಹೀನವಾದದ್ದನ್ನು ಪೂರ್ತಿ ಅಳಿಸಿಹಾಕುತ್ತದೆ. ಗೊರಗೊರ ಇಲ್ಲ, ಕಲಬೆರಕೆಯಿಲ್ಲ. ಇನ್ನೊಬ್ಬ ಕರೆದ ಎಂಬುದರ ಗುರುತೇ ಉಳಿಯುವುದಿಲ್ಲ. ವಿಮಾನಗಳು ನಿಯಂತ್ರಣ ಗೋಪುರದ ಜೊತೆ ಇಂದಿಗೂ ಮಾತಾಡುವುದು ಎಎಂನಲ್ಲಿ. ಅಲ್ಲಿ ದನಿಗಳು ಡಿಕ್ಕಿ ಹೊಡೆದರೆ ಕಿರುಗುಡುವ ಸದ್ದಾದರೂ ಏಳುತ್ತದೆ. ಈಗ ನಮ್ಮ ಗಾಡಿಗಳ ಸಾಲನ್ನು ನೆನೆಯಿರಿ. ಮುಂದಾಳುವಿಗೆ ಎಲ್ಲಕ್ಕಿಂತ ದೂರದಲ್ಲಿರುವುದು ಕೊನೆಯ ಗಾಡಿ, ಅವನಿಗೆ ತಲುಪುವ ದನಿಗಳಲ್ಲಿ ಬಲಹೀನವಾದದ್ದೂ ಅದರದೇ. ಎರಡನೆಯ ಗಾಡಿಯವನು ಕಾಫಿಯೆಲ್ಲಿ ಸಿಗುತ್ತದೆಂದು ಕೇಳುತ್ತಿರುವ ಹೊತ್ತಿಗೇ ಕೊನೆಯವನು ‘ಚಕ್ರ ಅಂಚಿಗೆ ಜಾರುತ್ತಿದೆ, ನಿಲ್ಲಿ’ ಎಂದರೆ ಮುಂದಾಳು ಕೇಳುವುದು ಕಾಫಿಯ ಸುದ್ದಿ. ಗುಂಡಿ ಒತ್ತಿದ್ದವನಿಗೆ ತನ್ನ ಮಾತು ಅಳಿದುಹೋದದ್ದೂ ಗೊತ್ತಿರುವುದಿಲ್ಲ. ಹೂತ ಗಾಡಿಯನ್ನು ಎಳೆಯುವ ವಿಂಚಿನ ಹಗ್ಗ ಬಿಗಿದಿರುವಾಗ ಹೀಗಾದರೆ ಏನಾಗಬಹುದೆಂದು ಈ ಅಂಕಣದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರೈವೆಸಿ ಕೋಡ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಇದನ್ನು ಇನ್ನಷ್ಟು ಕೆಡಿಸುತ್ತದೆ. ಅದು ನಿಮ್ಮ ಮಾತನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಬೇರೆ ಕೋಡಿನವರ ಮಾತು ನಿಮ್ಮ ಸ್ಪೀಕರಿಗೆ ಬರದಂತೆ ತಡೆಯುತ್ತದೆ, ಅಷ್ಟೆ. ಚಾನೆಲ್ ಖಾಲಿಯಿದೆ ಎಂದುಕೊಂಡು ನೀವು ಒತ್ತುತ್ತೀರಿ, ಅಲ್ಲಿ ಆಗಲೇ ಯಾರೋ ಮಾತಾಡುತ್ತಿರುತ್ತಾರೆ. ಎಲ್ಲರೂ ಕೋಡನ್ನು ಸೊನ್ನೆಗಿಡಿ.

ಸಾಲುಗಟ್ಟಿ ಹೋಗುವವರ ರೇಡಿಯೊ ಶಿಸ್ತು ನೋಡಬೇಕಿದ್ದರೆ ಆಸ್ಟ್ರೇಲಿಯಾದ ಒಳನಾಡನ್ನು ನೋಡಬೇಕು. ಜಾನ್ ಫ್ಲಿನ್ ಎಂಬ ಪಾದ್ರಿ 1928ರಲ್ಲಿ ಕ್ಲಾನ್‌ಕರಿಯಿಂದ ಹಾರುವ ವೈದ್ಯರ ಸೇವೆ ಶುರುಮಾಡಿದರು. ವಿಮಾನವೂ ಇತ್ತು, ಡಾಕ್ಟರೂ ಇದ್ದರು. ದೂರದೂರದ ದನ ಸಾಕುವ ಫಾರ್ಮುಗಳಿಂದ ಅವರನ್ನು ಕರೆಯುವ ದಾರಿ ಇರಲಿಲ್ಲ, ಕರೆಂಟಂತೂ ಇರಲೇ ಇಲ್ಲ. ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ 1929ರ ಹೊತ್ತಿಗೆ ಸೈಕಲ್ಲಿನ ಪೆಡಲು ತುಳಿದು ಕರೆಂಟು ಹುಟ್ಟಿಸಿಕೊಳ್ಳುವ ರೇಡಿಯೊ ಕಟ್ಟಿಕೊಟ್ಟರು. ಮೊದಲು ಮೋರ್ಸ್, ಆಮೇಲೆ ಮಾತು. ಅಕ್ಕಪಕ್ಕದ ಮನೆಯೆಂಬುದೇ ಇಲ್ಲದ ಅಲ್ಲಿನ ಹೆಣ್ಣುಮಕ್ಕಳಿಗೆ ಹರಟೆಗೂ ಅದೇ ರೇಡಿಯೊ. ಹರಟಬೇಡಿ ಎಂದು ಯಾರೂ ಬಾಯಿ ಮುಚ್ಚಿಸಲಿಲ್ಲ. ಅದಕ್ಕೊಂದು ಹೊತ್ತು ಗೊತ್ತುಮಾಡಿದರು, ಗಲಾ ಸೆಷನ್ ಎಂದು. ಆ ಹೊತ್ತಿನಲ್ಲಿ ಎಷ್ಟು ಬೇಕಾದರೂ ಮಾತು, ಉಳಿದಂತೆ ತರಂಗ ರೋಗಿಗೆ ಮೀಸಲು. ಇದಕ್ಕಿಂತ ಮಾನವೀಯವಾದ ರೇಡಿಯೊ ನಿಯಮ ನನಗೆ ಇನ್ನೊಂದು ಗೊತ್ತಿಲ್ಲ. ಅಲ್ಲಿನ ಇವತ್ತಿನ 80 ಚಾನೆಲಿನ ಯುಎಚ್‌ಎಫ್ ಸಿಬಿಯಲ್ಲೂ 5 ಮತ್ತು 35 ತುರ್ತಿಗೆ ಮಾತ್ರ. ಸಿಂಪ್ಸನ್ ಮರುಭೂಮಿ ದಾಟುವವರು 10ನೇ ಚಾನೆಲಿಗೆ ಕಿವಿಗೊಟ್ಟೇ ಮರಳ ದಿಬ್ಬ ಏರುತ್ತಾರೆ, ಎದುರಿನ ಗಾಡಿ ನೆತ್ತಿ ತಲುಪುವ ತನಕ ಕಾಣುವುದಿಲ್ಲವಲ್ಲ.

ನಮ್ಮ ಗುಂಪುಗಳೂ ಹರಟೆಗೆ ತಂಗುವ ಜಾಗಗಳನ್ನು ಗೊತ್ತುಮಾಡಿಕೊಳ್ಳಲಿ. ಏರಿನಲ್ಲಿ ಗಾಡಿಯಿರುವಾಗ ಮೂವರಿಗಷ್ಟೇ ಮಾತು: ಕೆಳಗೆ ನಿಂತು ದಾರಿ ತೋರುವವರು, ಸ್ಟಿಯರಿಂಗ್ ಹಿಡಿದವರು, ಕೊನೆಯ ಗಾಡಿಯವರು. ಹೊಸ ಬ್ಯಾಟರಿ, ತಾಳ್ಮೆಯ ಮನುಷ್ಯ, ಸೆಟ್ಟನ್ನು ಕಿಟಕಿಯಾಚೆ ಹಿಡಿಯಲು ಪಕ್ಕದಲ್ಲೊಬ್ಬರು, ಇವೆಲ್ಲ ಕೊನೆಯ ಗಾಡಿಗೆ ಹೋಗಬೇಕು. ಹವ್ಯಾಸಿ ರೇಡಿಯೊ ಪರವಾನಗಿದಾರರ ಗುಂಪಾದರೆ ಚಾವಣಿಯ ಮೇಲೆ ಆಂಟೆನಾ ಇರುವ ಗಾಡಿಯೇ ಹಿಂದಿರಲಿ. ವ್ಯಾಟು ಆಡಿದ್ದನ್ನಷ್ಟೇ ದೂರ ಕಳಿಸುತ್ತದೆ, ಒಳ್ಳೆಯ ಆಂಟೆನಾ ಕೇಳುವುದಕ್ಕೂ ಒದಗುತ್ತದೆ. ನಾವು ಮಾತ್ರ ಒಳ್ಳೆಯದನ್ನೆಲ್ಲ ಮುಂದಾಳುವಿನ ಗಾಡಿಗೇ ಕಟ್ಟುತ್ತ ಬಂದಿದ್ದೇವೆ. ಪ್ರತಿ ಕವಲಿನಲ್ಲೂ ಕೊನೆಯವರು ‘ದಾಟಿದೆ’ ಎನ್ನಲಿ. ಆ ಮಾತು ಕಿವಿಗೆ ಬೀಳುವವರೆಗೆ ಮುಂದಾಳು ಗೇರು ಹಾಕಕೂಡದು.